ತಾಪರು ಎಂಬ ಮಾತು

ಆ ದಿನವೂ ಎದ್ದವಳು ಮೊದಲು ನಲ್ಲಿಯ ಕೆಳಗೆ ಕೊಡ ಇಟ್ಟೆ. ಕಲ್ಯಾಣದ ನಮ್ಮ ಓಣಿಗೆ ನೀರು ಬರುತ್ತಿದ್ದುದು ಬೆಳಗಿನ ಹೊತ್ತು ಮಾತ್ರ, ಅದೂ ಕೆಮ್ಮುತ್ತ ಕೆಮ್ಮುತ್ತ. ಕೊಡ ತುಂಬುವ ಸದ್ದು, ನೀರು ಕತ್ತಿನ ಹತ್ತಿರ ಬಂದಂತೆ, ತೆಳ್ಳಗಾಗುತ್ತದೆ, ಒಳಗಿದ್ದರೂ ತಿಳಿಯುತ್ತದೆ. ಅಷ್ಟರಲ್ಲಿ ಒಲೆ ಹಚ್ಚಿ, ಚಹಾಕ್ಕೆ ನೀರಿಟ್ಟು, ಯಜಮಾನರ ಕಣ್ಣಿಗೆ ಔಷಧದ ಹನಿ ಬಿಡಬೇಕು. ಅವರು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಹಜಾಮನ ಮುಂದೆ ಕೂತವರಂತೆ ಕಾಯುತ್ತಿದ್ದರು. ಹನಿ ಬಿದ್ದ ಕೂಡಲೆ, "ಇವತ್ತ ಜರಾ ಛಲೋ ಕಾಣಾಕತ್ತದ" ಎನ್ನುತ್ತಿದ್ದರು. ದಿನವೂ ಅದೇ ಮಾತು. ಎರಡೂ ಕಣ್ಣಿಗೆ ಮೋತಿಬಿಂದು, ಪೊರೆ ಬಂದಿತ್ತು. ಎದುರಿನ ಬೇವಿನ ಮರ ಕಾಣುತ್ತಿತ್ತು, ಅದರ ಎಲೆ ಕಾಣುತ್ತಿರಲಿಲ್ಲ.

"ಹುಮನಾಬಾದಿಗಿ ಹೋಗೋದದ, ನೆನಪದನೊ ಇಲ್ಲೊ?"

"ನೆನಪಿಲ್ದ ಏನ್ರಿ. ಕೋಟು ನಿನ್ನೇನ ಇಸ್ತ್ರಿ ಮಾಡಿಟ್ಟೀನಿ."

"ಕಾಗದ?"

"ಚೀಲದಾಗವ. ರೊಟ್ಟಿ ಡಬ್ಬಿ ಕೆಳಗ ಇಡಬ್ಯಾಡ ಅಂದಿದ್ರಿ, ಮ್ಯಾಲ ಇಟ್ಟೀನಿ."

ಗೋಡೆಯ ಆಚೆಯಿಂದ ಪಕ್ಕದ ಮನೆಯ ಅತ್ತೆಯ ದನಿ ಆಗಲೇ ಶುರುವಾಗಿತ್ತು. ಪಕ್ಕದ ಮನೆಯವಳು ಕಿರಾಣಿ ಅಂಗಡಿಯವರ ಸೊಸೆ, ನನಗಿಂತ ಬಹಳ ಚಿಕ್ಕವಳು. ಕೊಡಂಬಲದಲ್ಲಿ ಹಿರಿಮಗನ ಬಳಿ ಇರುವ ಅತ್ತೆ ಆಗಾಗ ಬಂದು ಇಲ್ಲಿ ಠಿಕಾಣಿ ಹೂಡುವುದಿತ್ತು. ಕೊಡ ಎತ್ತಲು ಹೊರಗೆ ಬಂದಾಗ ಆ ಸೊಸೆ ಗೋಡೆಯ ಮೇಲಿಂದ ನನ್ನತ್ತ ಕಣ್ಣಲ್ಲೇ ಒಂದು ನಿಟ್ಟುಸಿರು ಬಿಟ್ಟಳು. ನಾನೂ ಒಂದು ಬಿಟ್ಟೆ. ನನ್ನದಕ್ಕೆ ಕಾರಣ ಬೇರೆ.

ಚೀಲದಲ್ಲಿದ್ದ ಆ ಹಾಳೆಗಳಲ್ಲಿ ಒಂದೇ ಒಂದು ಶಬ್ದದ ಅರ್ಥವಿತ್ತು. ಮೂರು ಸಾವಿರ ವರ್ಷಕ್ಕೂ ಹಿಂದೆ ಈಗಿನ ತುರ್ಕಿ ದೇಶದಲ್ಲಿ ಆಡುತ್ತಿದ್ದ, ಈಗ ಯಾರೂ ಆಡದ ಲೂವಿಯನ್ ಎಂಬ ಭಾಷೆಯ ಶಬ್ದ ಅದು. ಪುಣೆಯ ಪ್ರಾಧ್ಯಾಪಕರೊಬ್ಬರು ಅಂಥ ಹಳೆಯ ಭಾಷೆಗಳ ಮೇಲಿನ ಲೇಖನಗಳನ್ನು ಸೇರಿಸಿ ಇಂಗ್ಲಿಷಿನಲ್ಲಿ ಪುಸ್ತಕ ಮಾಡುತ್ತಿದ್ದರು. ಕಾರಿನಲ್ಲಿ ಹೈದರಾಬಾದಿಗೆ ಹೋಗುವಾಗ ಮಧ್ಯಾಹ್ನ ಹುಮನಾಬಾದಿನ ಪ್ರವಾಸಿ ಬಂಗಲೆಯಲ್ಲಿ ಊಟಕ್ಕೆ ಇಳಿಯುತ್ತೇನೆ, ಅಲ್ಲಿಗೇ ತಂದುಕೊಡಿ ಎಂದಿದ್ದರು. ಯಜಮಾನರು ಅಚ್ಚಿಗೆಂದು ಬರೆದದ್ದು ಜೀವಮಾನದಲ್ಲಿ ಅದೊಂದೇ. ಆ ಅರ್ಥ ತಪ್ಪಿರಬೇಕು ಎಂದು ಶುದ್ಧಪ್ರತಿ ಬರೆಯುವಾಗಿನಿಂದ ನನಗೆ ಅನ್ನಿಸತೊಡಗಿತ್ತು. ಹೇಳಿರಲಿಲ್ಲ.

ನಾನು ಮದುವೆಯಾಗಿ ಕಲ್ಯಾಣಕ್ಕೆ ಬಂದದ್ದು ಬೀದರ ಮೈಸೂರಿಗೆ ಸೇರಿದ ವರ್ಷ, ಐವತ್ತಾರರಲ್ಲಿ. ಓದಿದ್ದು ಹೈದರಾಬಾದಿನ ಕಾನ್ವೆಂಟಿನಲ್ಲಿ. ಅಲ್ಲಿ ಜರ್ಮನಿಯಿಂದ ಬಂದ ಮುದುಕಿ ಸಿಸ್ಟರ್ ಒಬ್ಬರಿದ್ದರು. ಕಸೂತಿ ಕಲಿಸುವುದು ಅವರ ಕೆಲಸ. ತಮ್ಮ ಭಾಷೆ ಕೇಳುವವರಿಲ್ಲದ ಬೇಸರಕ್ಕೋ ಏನೋ, ಹೊಲಿಗೆಯ ಜತೆ ನನಗೆ ಜರ್ಮನ್ ಕಲಿಸಿಬಿಟ್ಟರು. ಸೂಜಿಗೆ ದಾರ ಪೋಣಿಸುತ್ತ ಕ್ರಿಯಾಪದ ಒಪ್ಪಿಸುತ್ತಿದ್ದೆ. ಇದು ಯಾವ ಉಪಯೋಗಕ್ಕೆ ಎಂದು ಅಪ್ಪ ನಗುತ್ತಿದ್ದರು. ಕಲ್ಯಾಣದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಾಸ್ತರರೊಬ್ಬರು, ಕಾಲೇಜಿನ ಕಾಲದಲ್ಲಿ ತಮ್ಮ ಗುರುಗಳಿಂದ ಲೂವಿಯನ್ ಹುಚ್ಚು ಹಿಡಿಸಿಕೊಂಡು, ಜರ್ಮನ್ ಪುಸ್ತಕಗಳನ್ನು ನಿಘಂಟಿನ ಮೇಲೆ ತೆವಳುತ್ತ ಓದುತ್ತಿದ್ದಾರೆ ಎಂದು ಯಾರಿಗೆ ಗೊತ್ತಿತ್ತು? ಹೆಣ್ಣು ನೋಡಲು ಬಂದ ದಿನ ಹಾಡು ಬರುತ್ತದೆಯೇ ಎಂದು ಕೇಳಬೇಕಾದ ಜಾಗದಲ್ಲಿ ಅವರು, "ಜರ್ಮನ್ ಬರ್ತದಂತಲ್ಲ, ಖರೇನಾ?" ಎಂದು ಕೇಳಿದರು.

ನಮ್ಮ ಅತ್ತೆಯ ಮಾತು ಮೊದಮೊದಲು ನನಗೆ ಅರ್ಧವೇ ತಿಳಿಯುತ್ತಿತ್ತು. ಕೋಣೆಗೆ ಖೋಲಿ, ಕಿಟಕಿಗೆ ಖಿಡಕಿ, ಬೇಗ ಅನ್ನುವುದಕ್ಕೆ ಜಲ್ದಿ, ಜ್ವರಕ್ಕೆ ತಾಪ. ಮರಾಠಿ ಯಾವುದು, ಉರ್ದು ಯಾವುದು, ಕನ್ನಡ ಯಾವುದು ಎಂದು ಅತ್ತೆಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಒಂದು ಸಂಜೆ ನಾನು ಹೀಗೆ ತಡವರಿಸುತ್ತಿದ್ದಾಗ ಯಜಮಾನರು ಒಂದು ಮಣ್ಣಿನ ಹಲಗೆಯ ಚಿತ್ರ ತೋರಿಸಿದರು. ಲೂವಿಯನ್ನರ ನೆರೆಯವರು ಹಿಟ್ಟೈಟರು. ಹಿಟ್ಟೈಟ್ ಲಿಪಿಕಾರರು ತಮ್ಮ ಭಾಷೆಯಲ್ಲಿ ಬರೆಯುತ್ತ ನಡುವೆ ಒಂದು ಲೂವಿಯನ್ ಮಾತು ಬಂದರೆ ಅದರ ಮುಂದೆ ಓರೆಯಾಗಿ ಒಂದು ಬೆಣೆಯ ಗುರುತು ಒತ್ತುತ್ತಿದ್ದರಂತೆ, ಇದು ಹೊರಗಿನವರದು ಎಂದು ಹೇಳುವ ಹಾಗೆ.

"ನಮ್ಮವ್ವನ ಮಾತಿಗೂ ಹಂಗ ಬೆಣಿ ಹೊಡಕೋತ ಹೋಗು, ತಿಳೀತದ" ಎಂದರು.

ಅಂದಿನಿಂದ ನನಗೆ ಅದೇ ಚಾಳಿಯಾಯಿತು. ರೊಟ್ಟಿ ತಟ್ಟುತ್ತಲೇ ಅತ್ತೆಯ ಮಾತಿನಲ್ಲಿ ಬೆಣೆ ಹೊಡೆಯುತ್ತಿದ್ದೆ. ಕೊನೆಗೆ ನನ್ನ ಮಾತಿನ ಮುಂದೆಯೇ ಬೆಣೆ ಇದೆ ಅನ್ನಿಸುತ್ತಿತ್ತು. ಆ ಮನೆಯಲ್ಲಿ ಹೊರಗಿನ ಶಬ್ದ ನಾನೇ ತಾನೆ.

ಅರ್ಥ ತಿಳಿಯದ ಶಬ್ದವನ್ನು ಹಿಡಿಯುವುದಕ್ಕೆ ಅವರದೊಂದು ಕಟ್ಟಳೆಯಿತ್ತು. ಸಪ್ಪಳ ನಂಬಬಾರದು. ಲೂವಿಯನ್ ಭಾಷೆಯಲ್ಲಿ ಶುದ್ಧ ಎನ್ನುವುದಕ್ಕೆ ಹಲಾಲಿ ಎಂಬ ಶಬ್ದವಿದೆ ಎಂದು ಇವರು ಒಮ್ಮೆ ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟರಂತೆ. ಉರ್ದು ಮಾಸ್ತರರು ಎದ್ದುನಿಂತು, "ಅರೆ ಮಾಸ್ತರ್‌ಸಾಬ್, ಯೇ ತೊ ಹಮಾರೇಚ್ ಲೋಗಾಂ ನಿಕಲೇ!" ಎಂದು ಬೆನ್ನು ತಟ್ಟಿ, ಎಲ್ಲರಿಗೂ ತಮ್ಮ ಲೆಕ್ಕದಲ್ಲಿ ಚಹಾ ತರಿಸಿದರಂತೆ. ನಮ್ಮ ಮಂದಿಯೇ ಆದರಲ್ಲ ಎಂಬ ಖುಷಿ ಅವರಿಗೆ. ಇವರು ಚಹಾ ಕುಡಿದು ಬಂದು ನನ್ನ ಮುಂದೆ ಗೊಣಗಿದರು. "ಸಪ್ಪಳ ಕೂಡಿದ್ರ ಸಂಬಂಧ ಆಗ್ತದೇನು? ನನ್ನ ಮಾರಿ ಹೋಲೋ ಮನುಷ್ಯ ಬೀದರದಾಗೂ ಒಬ್ಬ ಇರ್ತಾನ. ಕಿವಿ ಅಂಬೋದು ಕಳ್ಳ. ಹೊಸಾ ಶಬ್ದ ಓಣ್ಯಾಗ ಬಂತಂದ್ರ ಅದರ ನೆರೆಹೊರೆಯವರಿಗಿ ಕೇಳಬೇಕು, ಇಂವ ಯಾರು, ಎಂಥಾವ ಅಂತ."

ನೆರೆಹೊರೆ ಎಂದರೆ ಆ ಶಬ್ದದ ಹಿಂದೆ ಮುಂದೆ ಬರುವ ಶಬ್ದಗಳು. ಮಧ್ಯಾಹ್ನ ಮುಸುರೆ ತಿಕ್ಕಿ ಕೈ ಒರೆಸಿಕೊಂಡು ನಾನು ಜರ್ಮನ್ ಓದುತ್ತಿದ್ದೆ, ಅವರು ಕೇಳುತ್ತಿದ್ದರು. ವರ್ಷಗಟ್ಟಲೆ ಹೀಗೆ. ಮಕ್ಕಳು ಹುಟ್ಟಿದರು, ಶಾಲೆಗೆ ಹೋದರು, ಅತ್ತೆ ತೀರಿಕೊಂಡರು. ಓದುವುದು ಮಾತ್ರ ನಿಲ್ಲಲಿಲ್ಲ. ನನಗೆ ಇಷ್ಟವಿತ್ತೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಸೌದೆ ಒಟ್ಟುವುದು ಇಷ್ಟವೇ ಎಂದು ಯಾರೂ ಕೇಳುವುದಿಲ್ಲವಲ್ಲ. ಆದರೂ ಆ ಬರಹಗಳಲ್ಲಿ ಬರುವ ಮುದುಕಿಯರು ನನಗೆ ಹಿಡಿಸುತ್ತಿದ್ದರು. ಮನೆಗೆ ಬಂದು, ಬಾಗಿಲ ಚೌಕಟ್ಟು ಒರೆಸಿ, ಬಣ್ಣದ ಉಣ್ಣೆಯ ದಾರ ಸುತ್ತಿ, ಹಿಟ್ಟಿನ ಉಂಡೆಯಿಂದ ಮೈ ಒತ್ತಿ, ನೀರು ಸುರಿದು, ಕೆಡುಕುಗಳನ್ನು ಒಂದೊಂದಾಗಿ ಹೆಸರು ಹಿಡಿದು ಹೊರಗೆ ಓಡಿಸುವವರು ಅವರು. ಓಡಿಸುವಾಗ ಆಡುವ ಮಾತು ಲೂವಿಯನ್. ಆ ಹೆಸರುಗಳ ಸಾಲಿನಲ್ಲಿ ಆಣೆ ಇದೆ, ಶಾಪ ಇದೆ. ಅವುಗಳ ಜತೆಗೆ ತಾಪರು ಎಂದು ಒಂದಿದೆ. ಅದೇನು ಕೆಡುಕು, ಯಾರಿಗೂ ತಿಳಿಯದು.

ತಾಪರು ಅಂದರೆ ಜ್ವರ ಎಂದು ಯಜಮಾನರು ಬರೆದಿದ್ದರು.

ಮದುವೆಯಾದ ಮರುವರ್ಷ ನಾನು ಮುದ್ದತಿ ತಾಪದಲ್ಲಿ ಮಲಗಿದೆ. ವಾರಗಟ್ಟಲೆ ಇಳಿಯದ ಜ್ವರಕ್ಕೆ ಅತ್ತೆ ಇಟ್ಟ ಹೆಸರು ಅದು. ಕಣ್ಣು ಬಿಟ್ಟಾಗಲೆಲ್ಲ ತೊಲೆಯ ಮೇಲಿನ ಒಂದು ಗಂಟು ಕಾಣುತ್ತಿತ್ತು, ಅದರ ಕೆಳಗೆ ಯಜಮಾನರು, ಅವರ ಮೊಣಕಾಲ ಮೇಲೆ ಪುಸ್ತಕ. ಅತ್ತೆ ಸಂಜೆಗೊಮ್ಮೆ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಹೋದವರ ದೃಷ್ಟಿ, ಬಂದವರ ದೃಷ್ಟಿ, ನಾಯಿ ದೃಷ್ಟಿ, ನರಿ ದೃಷ್ಟಿ ಎಂದು ಸಾಲುಹಿಡಿದು ಹೇಳಿ ಒಲೆಗೆ ಹಾಕುತ್ತಿದ್ದರು. ಹಣೆ ಮುಟ್ಟಿ, "ತಾಪ ಇಳೀಲಿಲ್ಲಪಾ" ಎಂದು ಮಗನಿಗೆ ಹೇಳುತ್ತಿದ್ದರು. ಮೆಣಸಿನಕಾಯಿಯ ಘಾಟಿಗೆ ಮೂವರೂ ಕೆಮ್ಮುತ್ತಿದ್ದೆವು. ನಾನು ಎದ್ದು ಕೂತು ಗಂಜಿ ಕುಡಿದ ವಾರ ಯಜಮಾನರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ತಾಪರು ಅಂದ್ರ ಜ್ವರ. ಬ್ಯಾರೆ ಏನಿರಾಕ ಸಾಧ್ಯ ಇಲ್ಲ." ಅವರ ಮುಖ ಬಿಳಿಚಿತ್ತು, ಗಡ್ಡ ಬೆಳೆದಿತ್ತು. ಅವರೂ ಒಂದು ಕಾಯಿಲೆಯಿಂದ ಎದ್ದಂತೆಯೇ ಇದ್ದರು.

ಆಮೇಲೆ ಅದಕ್ಕೆ ಆಧಾರ ಹುಡುಕುತ್ತ ಹೋದರು. ಅದೇ ಮಂತ್ರದಲ್ಲಿ ಮುಂದೆ ರೋಗಿಯ ಹನ್ನೆರಡು ಅಂಗಗಳ ಮಾತು ಬರುತ್ತದೆ. ನೀರು ಸುರಿಯುವುದೂ ಇದೆ. ಅಂಗ, ನೀರು ಎರಡೂ ಇದ್ದ ಮೇಲೆ ಜ್ವರವೇ ಸೈ ಎಂದು ವಾದ ಕಟ್ಟಿದರು. ಲೇಖನದಲ್ಲಿ ಅವರ ಅವ್ವನ ಬಾಯಿಯ ತಾಪ ಎಲ್ಲೂ ಇರಲಿಲ್ಲ. ಅವರಿಗೇ ಅದು ಮರೆತುಹೋಗಿತ್ತೇನೋ. ಮಲಗಿದ್ದವಳು ನಾನು, ಹೇಗೆ ಮರೆಯಲಿ?

ಶುದ್ಧಪ್ರತಿ ಮಾಡುವಾಗ ಸಾಲು ಸಾಲಾಗಿ ಕೈಯಿಂದ ಬರೆಯುತ್ತೇವಲ್ಲ, ಓದುವಾಗ ಕಾಣದ್ದು ಆಗ ಕಾಣುತ್ತದೆ. ಆಣೆ ಎಂದು ಬರೆದೆ, ಶಾಪ ಎಂದು ಬರೆದೆ, ಜ್ವರ ಎಂದು ಬರೆಯಲು ಹೋದರೆ ಕೈ ನಿಂತಿತು. ಮತ್ತೊಂದು ಒಡೆದ ಹಲಗೆಯಲ್ಲಿ ಅದರ ಹತ್ತಿರವೇ ನಾಲಿಗೆ ಇತ್ತು. ನಾಲಿಗೆಗೆ ಲೂವಿಯನ್ ಮಾತು ಲಾಲಿ. ಜನ ಆಡಿಕೊಳ್ಳುವುದಕ್ಕೂ ಅದೇ ಮಾತು. ಎಲ್ಲವೂ ಬಾಯಿಯಿಂದ ಹೊರಡುವ ಕೆಡುಕುಗಳು. ನಡುವೆ ಮೈಯ ಕೆಡುಕು ಒಂದೇ ಯಾಕೆ ಬಂದು ಕೂತಿತು? ಮರುದಿನ ಬೇಳೆ ಆರಿಸುವಾಗಲೂ ಅದೇ ಯೋಚನೆ, ಬೇಳೆಯ ನಡುವೆ ಕಲ್ಲು ಕಂಡಂತೆ.

ಹೆದ್ದಾರಿಯ ತನಕ ಒಂದು ಬಸ್ಸು, ಅಲ್ಲಿಂದ ಹುಮನಾಬಾದಿಗೆ ಇನ್ನೊಂದು. ಎರಡನೆಯದರಲ್ಲಿ ಕೂಡಲು ಜಾಗ ಸಿಕ್ಕಿತು. ಮುಂದಿನ ಸೀಟಿನಲ್ಲಿ ಗಂಜ್‌ಗೆ ಹೊರಟ ಒಬ್ಬ ರೈತ ತೊಗರಿಯ ಚೀಲಕ್ಕೆ ಕಾಲು ಚಾಚಿ ನಿದ್ದೆ ಹೋಗಿದ್ದ. ದವಸದ ಪೇಟೆಗೆ ನಮ್ಮಲ್ಲಿ ಗಂಜ್ ಎನ್ನುತ್ತಾರೆ. ಯಜಮಾನರು ಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದರು. ಕೋಟಿನ ಎರಡನೆಯ ಗುಂಡಿಗೆ ನಾನು ಬೇರೆ ಬಣ್ಣದ ದಾರ ಹಾಕಿದ್ದು ಬಿಸಿಲಿಗೆ ಎದ್ದು ಕಾಣುತ್ತಿತ್ತು. ಆ ಮುಖದಲ್ಲಿ ಅಷ್ಟು ಹಗುರ ನಾನು ನೋಡಿ ಬಹಳ ದಿನವಾಗಿತ್ತು. ಸುಮ್ಮನಿದ್ದರೆ ಏನಾಗುತ್ತಿತ್ತು? ಅಚ್ಚಾಗುತ್ತಿತ್ತು. ನಾಳೆ ಯಾರೋ ಜರ್ಮನಿಯಲ್ಲಿ ಕೂತು, ಈ ಮನುಷ್ಯ ಕಿವಿ ನಂಬಿದ ಎಂದು ಎರಡು ಸಾಲಿನಲ್ಲಿ ಮುಗಿಸುತ್ತಿದ್ದರು. ಅದನ್ನು ಅವರಿಗೆ ಓದಿ ಹೇಳಬೇಕಾದವಳೂ ನಾನೇ.

"ಒಂದ ಮಾತ ಕೇಳ್ಲೇನ್ರಿ?"

"ಕೇಳು."

"ತಾಪರುನ ನೆರೆಹೊರೆಯವರು ಯಾರ್ರಿ?"

ಅವರು ಮೊಣಕಾಲ ಮೇಲೆ ಬೆರಳು ಮಡಿಸಿದರು. "ಆಣಿ. ಶಾಪ. ಅತ್ಲಾಗಿನ ಹಲಗ್ಯಾಗ ನಾಲಗಿ." ಬೆರಳು ಅಲ್ಲಿಗೇ ನಿಂತಿತು. "ಯಾಕ?"

"ಎಲ್ಲಾ ಬಾಯಿಂದಾಗೋವು. ಮೈಯಿಂದಾಗೋದು ಇದೊಂದ."

"ಹನ್ನೆರಡು ಅಂಗ ಬರ್ತಾವಲ್ಲ?"

"ಅವು ಮುಂದಿನ ಓಣ್ಯಾಗ ಬರ್ತಾವ್ರಿ."

ರಾಜೇಶ್ವರದ ನಿಲ್ದಾಣ ಬಂತು, ಮಂದಿ ಇಳಿದರು, ಹತ್ತಿದರು. ಒಬ್ಬ ಹೆಂಗಸು ತನ್ನ ಕೋಳಿಯನ್ನು ನನ್ನ ಕಾಲ ಬಳಿ ಇಟ್ಟು, "ಸಾಧು ಅದ, ಕಚ್ಚೂದಿಲ್ಲ" ಎಂದಳು. ಬಸ್ಸು ಮತ್ತೆ ಹೊರಟು ಗೋಧಿಯ ಹೊಲ, ಕಡಲೆಯ ಹೊಲ ಹಿಂದೆ ಸರಿಯತೊಡಗಿದವು. ಅವರಿಗೆ ಅದೆಲ್ಲ ಬರೀ ಹಸಿರು ಬಣ್ಣವಾಗಿ ಕಂಡಿರಬೇಕು.

"ನಿನಗ ಯಾವಾಗ ತಿಳೀತು?"

"ಬರಿಯೋವಾಗ."

"ಮತ್ತ ಜ್ವರ ಅಂತ ಬರದ್ಯಲ್ಲ?"

"ನೀವು ಹೇಳಿದ್ದು ಬರದೆ."

ಆಮೇಲೆ ಅವರು ಕಿಟಕಿಯ ಕಡೆಗೇ ಮುಖವಿಟ್ಟು, ಬಹಳ ಮೆಲ್ಲಗೆ, "ತಾಪ ಇಳೀಲಿಲ್ಲಪಾ" ಎಂದರು. ಅತ್ತೆಯ ದನಿಯೇ. ಎಷ್ಟೋ ವರ್ಷದ ಮೇಲೆ ಆ ದನಿ ಕೇಳಿ ನನಗೆ ಮೆಣಸಿನಕಾಯಿಯ ಘಾಟು ಬಂದ ಹಾಗಾಯಿತು. ಅವರಿಗೆ ಮರೆತಿರಲಿಲ್ಲ.

"ಕಿವಿ ಕಳ್ಳ ಅಂತ ಊರಿಗೆಲ್ಲಾ ಹೇಳಿದೆ" ಎಂದರು. ನಕ್ಕರೋ ಏನೋ, ಭುಜ ಅಲುಗಿತು.

ಪ್ರವಾಸಿ ಬಂಗಲೆಯ ಪಡಸಾಲೆಯಲ್ಲಿ ಬೆತ್ತದ ಕುರ್ಚಿಗಳಿದ್ದವು. ಒಂದರ ಕೈ ಬಿಚ್ಚಿ ಯಾರೋ ಸುತಳಿ ಕಟ್ಟಿದ್ದರು. ಪ್ರಾಧ್ಯಾಪಕರ ಕಾರು ಇನ್ನೂ ಬಂದಿರಲಿಲ್ಲ. ಯಜಮಾನರು ಹಾಳೆ ತೆಗೆ ಎಂದರು. ಜ್ವರ ಎಂದು ಬರೆದ ಕಡೆಯೆಲ್ಲ ಹೊಡೆದುಹಾಕು ಎಂದರು.

"ಇಷ್ಟು ಗಡಿಬಿಡಿ ಯಾಕ್ರಿ? ಇರಬಹುದು ಅಂತ ಸೇರಿಸಿದ್ರ ನಡೀತದ. ಜ್ವರ ಇರಬಹುದು."

"ಇರಬಹುದು ಅಂದ್ರ, ಹಂಗ ಇರ್ಲಿ ಅಂತ ನನಗ ಆಸಿ ಅದ ಅಂದಂಗ. ಹೊಡಿ."

ಹೊಡೆದೆ. ನನ್ನದೇ ದುಂಡಗಿನ ಕಾನ್ವೆಂಟ್ ಅಕ್ಷರ, ಅದರ ಮೇಲೆ ನನ್ನದೇ ಗೀಟು. ಕೊನೆಯ ಹಾಳೆಯಲ್ಲಿ ಅವರು ಹೇಳಿದ್ದನ್ನು ಬರೆದೆ: ಒಂದು ಕೆಡುಕು, ನೆರೆಯ ಶಬ್ದಗಳಿಂದ ನೋಡಿದರೆ ಮಾತಿಗೆ ಸಂಬಂಧಪಟ್ಟಿರಬೇಕು, ಅರ್ಥ ತಿಳಿಯದು. ಹಾಳೆಯ ಮೂಲೆಯಲ್ಲಿ ಅರಿಸಿನದ ಬೆರಳಚ್ಚು ಬಿದ್ದಿತ್ತು. ಉಗುರಿನಿಂದ ಕೆರೆದರೂ ಹೋಗಲಿಲ್ಲ.

ಪ್ರಾಧ್ಯಾಪಕರು ಒಳ್ಳೆಯವರು. ಊಟದ ತಟ್ಟೆ ಪಕ್ಕಕ್ಕಿಟ್ಟು ಅಲ್ಲೇ ಓದಿದರು. ಇಂಗ್ಲಿಷಿನಲ್ಲಿ ಮಾತಾಡಿದರು, ಬಹಳ ವಿನಯದಿಂದ. ಇದು ಪ್ರಾಮಾಣಿಕವಾದ ಮಾತು, ಆದರೆ ತಿಳಿಯದು ಎನ್ನುವುದಕ್ಕೆ ಇಷ್ಟು ಪುಟ ಕೊಡುವುದು ಕಷ್ಟ, ಮತ್ತೊಬ್ಬರು ಇದೇ ಮಂತ್ರಗಳ ಮೇಲೆ ಬರೆದಿದ್ದಾರೆ, ಅದರ ಕೆಳಗೆ ಒಂದು ಅಡಿಟಿಪ್ಪಣಿಯಾಗಿ ನಿಮ್ಮ ಹೆಸರಿನಿಂದ ಹಾಕುತ್ತೇನೆ ಎಂದರು. ಯಜಮಾನರು ತಲೆಯಾಡಿಸಿದರು. ಜರ್ಮನ್ ಯಾರು ಓದಿಕೊಡುತ್ತಾರೆ ಎಂದು ಅವರು ಕೇಳಿದಾಗ ಯಜಮಾನರು ನನ್ನತ್ತ ಕೈ ತೋರಿಸಿ, "ಶೀ ರೀಡ್ಸ್. ಶೀ ಆಲ್ಸೊ ಥಿಂಕ್ಸ್" ಎಂದರು. ಪ್ರಾಧ್ಯಾಪಕರು ನನ್ನನ್ನು ನೋಡಿದರು, ನನ್ನ ಮಡಿಲಲ್ಲಿದ್ದ ರೊಟ್ಟಿ ಡಬ್ಬಿಯನ್ನು ನೋಡಿದರು, "ವೆರಿ ಗುಡ್, ವೆರಿ ಗುಡ್" ಎಂದು ಕೈ ತೊಳೆಯಲು ಎದ್ದರು. ಕಾರು ಧೂಳೆಬ್ಬಿಸಿಕೊಂಡು ಹೈದರಾಬಾದಿನ ಕಡೆ ಹೋಯಿತು.

ನಾವು ಅದೇ ಪಡಸಾಲೆಯಲ್ಲಿ ಕೂತು ರೊಟ್ಟಿ ತಿಂದೆವು. ಪುಂಡಿಪಲ್ಲೆ ಮಾಡಿಕೊಂಡು ಹೋಗಿದ್ದೆ. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಅವರು ಎರಡು ಸಲ ನೀರು ಕೇಳಿದರು.

ಮರಳುವ ಬಸ್ಸಿನಲ್ಲಿ ಒಮ್ಮೆ ಮಾತ್ರ ಬಾಯಿಬಿಟ್ಟರು. "ಅಡಿಟಿಪ್ಪಣಿ ಅಂದ್ರ ಸಣ್ಣ ಅಕ್ಷರ ಇರ್ತಾವ. ಹೆಂಗೂ ನನಗ ಕಾಣೂದಿಲ್ಲ ಬಿಡು."

"ನಾ ಓದ್ತೀನ್ರಿ."

"ನೀ ಓದ್ತಿ. ಮತ್ತ ಓದಿ, ಅದ್ರಾಗೂ ತಪ್ಪ ಹಿಡೀತಿ."

ಸಿಟ್ಟೇ, ತಮಾಷೆಯೇ ತಿಳಿಯಲಿಲ್ಲ. ಕೇಳುವಷ್ಟು ತ್ರಾಣವೂ ನನಗಿರಲಿಲ್ಲ. ಅವರ ತಲೆ ಮೆಲ್ಲಗೆ ವಾಲಿ ನನ್ನ ಹೆಗಲಿಗೆ ತಗುಲಿತು. ಹೆದ್ದಾರಿ ಬರುವ ತನಕ ನಾನು ಅಲುಗಾಡಲಿಲ್ಲ. ತೋಳು ಜೋಮುಹಿಡಿಯಿತು.

ಮನೆಗೆ ಬಂದಾಗ ಬೇವಿನ ನೆರಳು ನಮ್ಮ ಕಟ್ಟೆಯ ತನಕ ಚಾಚಿತ್ತು. ಅವರು ಕೋಟು ಬಿಚ್ಚದೆ ಕುರ್ಚಿಯಲ್ಲಿ ಕೂತರು. ರೇಡಿಯೊ ಹಚ್ಚಲೇ ಎಂದೆ, ಬೇಡ ಎಂದರು. ಅವರ ಕಣ್ಣಿಗೆ ಸಂಜೆಯ ಹನಿ ಬಿಟ್ಟೆ. ಚೆನ್ನಾಗಿ ಕಾಣುತ್ತದೆ ಎಂಬ ಮಾತು ಈ ಸಲ ಬರಲಿಲ್ಲ. ಬೆಳಿಗ್ಗೆ ತುಂಬಿಟ್ಟ ಕೊಡದಿಂದ ಒಂದು ತಂಬಿಗೆ ನೀರು ಅವರ ಪಕ್ಕದಲ್ಲಿಟ್ಟು ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕುಸಿದೆ. ಬೆನ್ನ ಹಿಂದೆ ಬಾಗಿಲು ತೆರೆದೇ ಇತ್ತು.

ಪಕ್ಕದ ಮನೆಯವಳು ಮೊರದ ತುಂಬ ಮೆಂತ್ಯಪಲ್ಲೆ ಹಾಕಿಕೊಂಡು ಬಂದು ನನ್ನ ಬದಿಯಲ್ಲಿ ಕೂತಳು. ಅವಳ ಕಣ್ಣು ಕೆಂಪಾಗಿತ್ತು, ಹಣೆಗೆ ಒಂದು ಬಟ್ಟೆ ಬಿಗಿದಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಎಲೆ ಬಿಡಿಸತೊಡಗಿದೆ.

"ಹುಮನಾಬಾದದಾಗ ಏನ್ ಕೆಲಸ ಇತ್ರಿ ವೈನಿ, ಇಬ್ರೂ ಕೂಡೇ ಹೋಗಿದ್ರಿ?"

"ಒಂದು ಶಬ್ದದ ಕೆಲಸ ಇತ್ತು."

"ಶಬ್ದದ್ದಾ?" ಅವಳು ಒಂದು ಕಡ್ಡಿ ಎಸೆದಳು. "ಸೋವಿ ಹತ್ತಿತೇನ್ರಿ ಅಲ್ಲಿ?"

ನಗು ಬಂತು ನನಗೆ, ಆ ದಿನ ಮೊದಲ ಸಲ. ಸೋವಿಯೇ ಹತ್ತಿತು, ಬಲು ಅಗ್ಗ ಎಂದೆ. ಗೋಡೆಯಾಚೆ ಅವಳ ಅತ್ತೆ ಯಾರಿಗೋ ಏನೋ ಹೇಳುತ್ತಲೇ ಇದ್ದರು, ನಡುವೆ ಉಸಿರೂ ಇಲ್ಲದ ಹಾಗೆ. ಇವಳು ಹಣೆಯ ಬಟ್ಟೆ ಮತ್ತಷ್ಟು ಬಿಗಿದುಕೊಂಡಳು.

"ಜ್ವರ ಬಂದಾವೇನು?" ಎಂದು ಅವಳ ಕೈ ಮುಟ್ಟಿ ನೋಡಿದೆ. ತಣ್ಣಗಿತ್ತು. ಒಳಗೆ ಕುರ್ಚಿ ಕಿರುಗುಟ್ಟಿತು.

"ಜ್ವರಾ ಇಲ್ಲ ಏನಿಲ್ಲ ಬಿಡ್ರಿ ವೈನಿ," ಎಂದಳು ಅವಳು, ಪಲ್ಲೆಯಿಂದ ಕಣ್ಣೆತ್ತದೆ, "ನಮ್ಮತ್ತಿ ಮಾತಿನ ತಾಪ ಇದು. ಆಕಿ ಕೊಡಂಬಲದ ಬಸ್ಸ ಹತ್ತಿದ್ಲಂದ್ರ ತಾನ ಇಳೀತದ."